ಬಂದ ಗಿರಾಕಿ ಮತ್ತೆ ಬರಬೇಕಾದರೆ: ಚಿಲ್ಲರೆ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ದಿನಸಿ, ಬಟ್ಟೆ, ಪಾತ್ರೆ, ಸ್ಟೇಷನರಿ, ಎಲೆಕ್ಟ್ರಿಕಲ್ ಸಾಮಾನು ಮಾರುವ ಒಂದು ಶಟರ್, ಎರಡು ಶಟರ್‌ನ ಅಂಗಡಿಯವರು ಕೇಳುವ ಪ್ರಶ್ನೆಗಳಿವು. ಪಕ್ಕದ ರಸ್ತೆಗೆ ಸೂಪರ್ ಮಾರ್ಕೆಟ್ ಬಂತು, ಫೋನಿಗೆ ಹತ್ತು ನಿಮಿಷದ ಡೆಲಿವರಿ ಬಂತು, ಮೊದಲಿನ ವ್ಯಾಪಾರ ಈಗಿಲ್ಲ ಎನ್ನುವವರಿಗೆ ಬೇಕಾಗುವಷ್ಟು ಲೆಕ್ಕ, ಸ್ವಲ್ಪ ಕಾನೂನು, ಉಳಿದಂತೆ ನೇರ ಅಭಿಪ್ರಾಯ ಇಲ್ಲಿದೆ.

"ಗಿರಾಕಿಯೇ ದೇವರು" ಎಂದು ಬೋರ್ಡು ಹಾಕಿದ್ದೇವೆ. ಇನ್ನೇನು ಮಾಡಬೇಕು?

ಆ ಬೋರ್ಡು ಇಳಿಸಿದರೂ ನಷ್ಟವಿಲ್ಲ. ಅದರ ಅಕ್ಕಪಕ್ಕ ಇನ್ನೂ ನಾಲ್ಕು ಬೋರ್ಡು ಇರುತ್ತವೆ: "ಇಂದು ನಗದು ನಾಳೆ ಉದ್ರಿ", "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ", "ಚಿಲ್ಲರೆ ಕೊಟ್ಟು ಸಹಕರಿಸಿ", "ಸಾಮಾನು ಮುಟ್ಟಬೇಡಿ". ಒಳಗೆ ಬಂದವರು ನಿಜವಾಗಿ ಓದುವುದು ಈ ನಾಲ್ಕನ್ನು.

ಗಿರಾಕಿಯನ್ನು ಮುಂದಿಟ್ಟುಕೊಳ್ಳುವುದು ಎಂದರೆ ನಗುನಗುತ್ತಾ ಮಾತಾಡಿಸುವುದಷ್ಟೇ ಅಲ್ಲ. ಒಂದು ವ್ಯವಹಾರದಲ್ಲಿ ಯಾರಿಗಾದರೂ ಸಣ್ಣ ನಷ್ಟ ಆಗಲೇಬೇಕಿದ್ದರೆ ಅದನ್ನು ಅಂಗಡಿಯೇ ಹೊರುತ್ತದೆಯೇ ಎಂಬುದೇ ಪರೀಕ್ಷೆ. ಮನೆಗೆ ಒಯ್ದ ತೆಂಗಿನಕಾಯಿ ಒಳಗೆ ಕೊಳೆತಿತ್ತು ಎನ್ನೋಣ. ಅದು ನಿಮ್ಮ ತಪ್ಪೂ ಅಲ್ಲ, ತೆಗೆದುಕೊಂಡವರ ತಪ್ಪೂ ಅಲ್ಲ. ಬೇರೆ ಕಾಯಿ ಕೊಡುತ್ತೀರೋ, "ಒಡೆದ ಮೇಲೆ ನಾವೇನು ಮಾಡೋಣ" ಎನ್ನುತ್ತೀರೋ? ಅಂಗಡಿಯ ಹೆಸರು ನಿಲ್ಲುವುದು, ಹೋಗುವುದು ಇಂಥ ಕಡೆ.

ಹೀಗೆ ಕೊಡುತ್ತಾ ಹೋದರೆ ವಹಿವಾಟು ಏರುವುದು ಹೇಗೆ?

ಲೆಕ್ಕ ಹಾಕೋಣ. ಯಾವ ಅಂಗಡಿಯದೇ ಆಗಲಿ, ತಿಂಗಳ ವಹಿವಾಟು ಮೂರು ಅಂಕಿಗಳ ಗುಣಾಕಾರ: ಎಷ್ಟು ಮನೆಯವರು ಬರುತ್ತಾರೆ, ತಿಂಗಳಿಗೆ ಎಷ್ಟು ಸಲ ಬರುತ್ತಾರೆ, ಒಂದು ಸಲಕ್ಕೆ ಎಷ್ಟರ ಸಾಮಾನು ಒಯ್ಯುತ್ತಾರೆ. ಉದಾಹರಣೆಗೆ 200 ಮನೆ, ತಿಂಗಳಿಗೆ 6 ಸಲ, ಸಲಕ್ಕೆ 250 ರೂಪಾಯಿ. ಒಟ್ಟು 3 ಲಕ್ಷ.

ಕರಪತ್ರ, ಫ್ಲೆಕ್ಸು, ಆಟೋದ ಮೈಕು ಎಲ್ಲವೂ ಮೊದಲನೆಯ ಅಂಕಿಯ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಇವಕ್ಕೆ ಖರ್ಚಾಗುವುದೂ ಹೆಚ್ಚು. ಅದೇ 200 ಮನೆಯವರು 6ರ ಬದಲು 8 ಸಲ ಬಂದರೆ ವಹಿವಾಟು 4 ಲಕ್ಷ. ಸಲಕ್ಕೆ ಒಂದು ಸೋಪೋ ಒಂದು ಬಿಸ್ಕತ್ ಪ್ಯಾಕೆಟ್ಟೋ ಹೆಚ್ಚಿಗೆ ಸೇರಿ 275 ರೂಪಾಯಿ ಆದರೆ 4 ಲಕ್ಷ 40 ಸಾವಿರ. ಹೊಸ ಮುಖ ಒಂದೂ ಬಂದಿಲ್ಲ, ವಹಿವಾಟು ಒಂದೂವರೆ ಪಟ್ಟಿನ ಹತ್ತಿರ ಬಂದಿದೆ.

ಆ ಎರಡು ಸಲ ಅವರು ಈಗ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ನಿಮ್ಮ ಗಿರಾಕಿ ಅಕ್ಕಿಬೇಳೆಗೆ ನಿಮ್ಮಲ್ಲಿಗೆ ಬಂದು, ಮಗುವಿನ ಡಯಾಪರ್‌ಗೆ, ಬೆಕ್ಕಿನ ಆಹಾರಕ್ಕೆ, ಸಿರಿಧಾನ್ಯಕ್ಕೆ ಬೇರೆಡೆ ಹೋಗುತ್ತಿರಬಹುದು. ಇದನ್ನು ಊಹಿಸಬೇಡಿ, ಬರೆದಿಡಿ. ಗಲ್ಲಾದ ಪಕ್ಕ ಎರಡು ರೂಲಿನ ಒಂದು ನೋಟ್‌ಬುಕ್ ಇಟ್ಟು ಅದಕ್ಕೆ "ಇಲ್ಲ ಪುಸ್ತಕ" ಎಂದು ಹೆಸರಿಡಿ. ಯಾರೇ ಏನೇ ಕೇಳಿ ನೀವು "ಇಲ್ಲ" ಎಂದರೆ, ಅದನ್ನು ತಾರೀಖಿನ ಸಮೇತ ಬರೆಯಿರಿ. ತಿಂಗಳ ಕೊನೆಗೆ ನಾಲ್ಕಾರು ಹೆಸರು ಮತ್ತೆ ಮತ್ತೆ ಕಾಣುತ್ತವೆ. ಮುಂದಿನ ತಿಂಗಳು ತರಬೇಕಾದ ಸರಕು ಅದು. ಸೇಲ್ಸ್‌ಮನ್ ಸ್ಕೀಮು ಕೊಟ್ಟ ಸರಕು ಅಲ್ಲ. ಸ್ಕೀಮಿನ ಆಸೆಗೆ ತಂದ ಮಾಲು ಎಷ್ಟೋ ಅಂಗಡಿಯ ಅಟ್ಟದಲ್ಲಿ ಧೂಳು ತಿನ್ನುತ್ತಿದೆ.

ರಿಯಾಯಿತಿ ಕೊಟ್ಟರೆ ಜನ ತಾವಾಗಿ ಬರುವುದಿಲ್ಲವೇ?

ಬರುತ್ತಾರೆ, ರಿಯಾಯಿತಿ ಇರುವವರೆಗೆ. ನೂರು ರೂಪಾಯಿ ಎಂಆರ್‌ಪಿಯ ಪ್ಯಾಕೆಟ್ಟಿನಲ್ಲಿ ನಿಮಗೆ 12 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ಶೇಕಡಾ 5 ಬಿಟ್ಟರೆ ಉಳಿಯುವುದು 7. ಮೊದಲು 1,000 ಪ್ಯಾಕೆಟ್ ಮಾರಿ ಗಳಿಸುತ್ತಿದ್ದ ಲಾಭಕ್ಕೆ ಈಗ 1,715 ಪ್ಯಾಕೆಟ್ ಮಾರಬೇಕು. ಅಷ್ಟು ಸರಕು ತರಿಸಲು ಬಂಡವಾಳ, ಇಡಲು ಜಾಗ, ಎತ್ತಿಳಿಸಲು ಆಳು ನಿಮ್ಮಲ್ಲಿ ಇದೆಯೇ? ಗಲ್ಲಾ ತುಂಬಿದಂತೆ ಕಂಡರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಇಲ್ಲ ಎನ್ನುವವರ ಕಥೆ ಬಹುಪಾಲು ಇದೇ.

ರಿಯಾಯಿತಿಯ ಪೈಪೋಟಿಯಲ್ಲಿ ದೊಡ್ಡವರ ಜೊತೆ ಸೆಣಸಬೇಡಿ. ಅವರು ಕಂಪನಿಯಿಂದ ಕೊಳ್ಳುವ ದರವೇ ಬೇರೆ. ನಿಮಗೆ ಸಾಧ್ಯವಿರುವುದು ಕೊಸರು. ಸೊಪ್ಪಿನವರು ಹಿಡಿಯ ಮೇಲೆ ಇನ್ನೆರಡು ಎಳೆ ಹಾಕುವಂತೆ, ತೂಕ ಆದ ಮೇಲೆ ನಾಲ್ಕು ಕಾಳು ಹೆಚ್ಚು. ಖರ್ಚು ಪೈಸೆ ಲೆಕ್ಕದ್ದು, ಹಾಗಿದ್ದೂ ಜನ ಅದನ್ನು ಮರೆಯುವುದಿಲ್ಲ. ಶೇಕಡಾ 5ರ ರಿಯಾಯಿತಿ ಯಾರಿಗೂ ನೆನಪಿರುವುದಿಲ್ಲ.

"ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ್ದೇವೆ. ಅದು ಸಾಲದೇ?

ದೋಷವಿರುವ ಸರಕಿನ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷವಿರುವ ಸರಕನ್ನು ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸಿದ್ದರೆ ಆ ಅವಧಿಯೊಳಗೆ, ನಮೂದಿಸದಿದ್ದರೆ 30 ದಿನದೊಳಗೆ ಹಿಂದಿರುಗಿಸಬೇಕು. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಈಗ ಬಹಳ ಜನರಿಗೆ ಗೊತ್ತು.

ಕಾನೂನು ಹಾಗಿರಲಿ, ಇದರಲ್ಲಿರುವ ವ್ಯಾಪಾರವನ್ನು ನೋಡಿ. ತಿಂಗಳಿಗೆ 4,000 ರೂಪಾಯಿಯ ದಿನಸಿ ಒಯ್ಯುವ ಮನೆ ವರ್ಷಕ್ಕೆ 48,000, ಐದು ವರ್ಷಕ್ಕೆ 2 ಲಕ್ಷ 40 ಸಾವಿರದ ವ್ಯಾಪಾರ ಕೊಡುತ್ತದೆ. ಹುಳ ಬಿದ್ದ 180 ರೂಪಾಯಿಯ ಬೇಳೆ ಪ್ಯಾಕೆಟ್ಟಿಗಾಗಿ ವಾದಕ್ಕೆ ನಿಲ್ಲುವ ಮೊದಲು ಈ ಅಂಕಿ ನೆನಪಾಗಬೇಕು. ಎಷ್ಟೋ ಸಲ ಅಂಥ ಪ್ಯಾಕೆಟ್ಟನ್ನು ವಿತರಕರು ಬದಲಿಸಿಯೂ ಕೊಡುತ್ತಾರೆ. ಹಾಗಿದ್ದ ಮೇಲೆ ಜಗಳ ಯಾಕೆ?

"ಬಣ್ಣ ಮನಸ್ಸಿಗೆ ಬರಲಿಲ್ಲ" ಎಂದು ಸೀರೆ ವಾಪಸ್ ತಂದರೆ ಅದು ಬೇರೆ ವಿಷಯ. ಅಲ್ಲಿ ದೋಷವಿಲ್ಲ, ತೀರ್ಮಾನ ನಿಮ್ಮದು. ನನ್ನ ಪ್ರಕಾರ ಮಡಿಕೆ ಬಿಚ್ಚದ, ಫಾಲ್ ಹೊಲಿಸದ ಸೀರೆಯನ್ನು ಏಳು ದಿನದೊಳಗೆ ಬದಲಿಸಿಕೊಡುವುದೇ ಲಾಭ. ಬದಲಿಸಿಕೊಳ್ಳಲು ಬಂದವರು ಬ್ಲೌಸ್ ಪೀಸ್ ಇಲ್ಲದೆ ಮರಳುವುದು ಅಪರೂಪ.

ತೂಕ, ಬೆಲೆ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿರಬೇಕು?

ಪೂರ್ತಿ. ತಕ್ಕಡಿಯ ಅಂಕಿ ಗಿರಾಕಿಯ ಕಡೆಗೆ ಕಾಣುವಂತೆ ತಿರುಗಿಸಿಡಿ, ಡಬ್ಬ ಇಟ್ಟು ಸೊನ್ನೆ ಮಾಡಿದ್ದನ್ನು ಅವರೂ ನೋಡಲಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಆ ಪ್ರಮಾಣಪತ್ರವನ್ನು ಬೀರುವಿನಲ್ಲಿ ಬಚ್ಚಿಡದೆ ಗೋಡೆಗೆ ಹಾಕಿ.

ತಂಪು ಪಾನೀಯಕ್ಕೆ "ಕೂಲಿಂಗ್ ಚಾರ್ಜು" ಎಂದು ಎರಡು ರೂಪಾಯಿ ಹೆಚ್ಚಿಗೆ ಕೇಳುವ ಅಭ್ಯಾಸ ಬಸ್ ಸ್ಟ್ಯಾಂಡುಗಳಲ್ಲಿ ಇನ್ನೂ ಇದೆ. ಎಂಆರ್‌ಪಿ ಮೀರಿ ಮಾರುವುದು ಅಪರಾಧ. ಬಸ್ಸು ಹಿಡಿಯುವ ಅವಸರದಲ್ಲಿರುವ ಪರಊರಿನವರ ಹತ್ತಿರ ನಡೆದೀತು. ನಿಮ್ಮ ಬೀದಿಯಲ್ಲಿ ಆ ಎರಡು ರೂಪಾಯಿ ಇಡೀ ಮನೆಯ ವ್ಯಾಪಾರವನ್ನು ಒಯ್ಯುತ್ತದೆ.

ಬೆಲೆ ಏರಿಸಲೇಬೇಕಾದರೆ? ಜನ ಬಿಟ್ಟು ಹೋಗುವುದಿಲ್ಲವೇ?

ಏರಿಕೆಗಿಂತ ಮುಚ್ಚಿಟ್ಟದ್ದು ಜನರನ್ನು ಹೆಚ್ಚು ಕೆರಳಿಸುತ್ತದೆ. ನಂದಿನಿ ಹಾಲಿನ ಉದಾಹರಣೆ ಎಲ್ಲರ ಮನೆಯದು. 2024ರ ಜೂನ್‌ನಲ್ಲಿ ಕೆಎಂಎಫ್ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ, ಜೊತೆಗೆ 50 ಮಿಲಿಲೀಟರ್ ಹಾಲು ಹೆಚ್ಚಿಗೆ ಕೊಟ್ಟಿತು. ಅರ್ಧ ಲೀಟರು 550 ಆಯಿತು, ಒಂದು ಲೀಟರು 1,050. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ ಹಳೆಯ ಅಳತೆಗೆ ಮರಳಿತು. ಟೀಕೆ ಎರಡು ಸಲವೂ ಬಂತು. ಆದರೆ ಎರಡೂ ಘೋಷಿಸಿ ಮಾಡಿದ್ದು, ಪ್ಯಾಕೆಟ್ಟಿನ ಮೇಲೆ ಅಳತೆ ಅಚ್ಚಾಗಿದ್ದುದು. ಬಿಸ್ಕತ್ ಪೊಟ್ಟಣ ಸದ್ದಿಲ್ಲದೆ ತೆಳ್ಳಗಾಗುವುದನ್ನು ಕಂಡ ಗಿರಾಕಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಕಾಫಿಪುಡಿಯ ದರ ಏರಿದರೆ ಹೊಸ ದರವನ್ನು ದೊಡ್ಡದಾಗಿ ಬರೆದು ತೂಗುಹಾಕಿ, ಕಾರಣ ಕೇಳಿದವರಿಗೆ ಹೇಳಿ. ದರ ಹಾಗೇ ಇಟ್ಟು ಚಿಕೋರಿ ಹೆಚ್ಚಿಸುವ ದಾರಿ ಮಾತ್ರ ಬೇಡ. ಮರುದಿನ ಬೆಳಿಗ್ಗೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ಬೆಲೆ ಇಳಿದಾಗಲೂ ಇದೇ ನ್ಯಾಯ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆಗಳ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಆಗ ಎಷ್ಟೋ ಕೌಂಟರುಗಳಲ್ಲಿ ಕೇಳಿಬಂದ ಮಾತು "ಅದು ಹಳೇ ಸ್ಟಾಕು" ಎಂದು. ಬೆಲೆ ಏರಿದ ದಿನ ಹಳೇ ಸ್ಟಾಕಿಗೂ ಹೊಸ ದರ, ಇಳಿದ ದಿನ ಹಳೇ ಸ್ಟಾಕಿಗೆ ಹಳೇ ದರ ಎಂದರೆ ಗಿರಾಕಿ ಏನೆಂದುಕೊಳ್ಳಬೇಕು? ಕೇಳುವ ಮೊದಲೇ ಇಳಿಸಿದ ಅಂಗಡಿಯವರು ಆ ವಾರ ಗಳಿಸಿದ ನಂಬಿಕೆ ಯಾವ ಜಾಹೀರಾತಿಗೂ ಸಿಗುವಂಥದ್ದಲ್ಲ.

ಉದ್ರಿ ಕೊಡುವುದು ಗಿರಾಕಿಗೆ ಮಾಡುವ ಉಪಕಾರವೇ, ನಮಗೆ ನಾವೇ ಮಾಡಿಕೊಳ್ಳುವ ಅಪಕಾರವೇ?

ಎರಡೂ ಆಗಬಹುದು. ಉದ್ರಿ ಮಿತಿ ಮೀರಿದರೆ ಹೋಗುವುದು ದುಡ್ಡೊಂದೇ ಅಲ್ಲ. ನಿಮಗೆ 3,000 ಬಾಕಿ ಇರುವವರು ನಿಮ್ಮ ಅಂಗಡಿ ಮುಂದೆ ನಡೆಯುವುದನ್ನೇ ಬಿಟ್ಟು, ಹಿಂದಿನ ರಸ್ತೆಯ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳುತ್ತಾರೆ. ಸಾಲ ನಿಮ್ಮಲ್ಲಿ, ವ್ಯಾಪಾರ ಅಲ್ಲಿ! ಹಾಗಾಗಿ ಬಾಕಿ ಆ ಮನೆಯ ಒಂದು ತಿಂಗಳ ಖರೀದಿ ಮೀರಬಾರದು. ಆ ಮಿತಿಯನ್ನು ಮೊದಲ ದಿನವೇ ಹೇಳಿ. ದಾಕ್ಷಿಣ್ಯಕ್ಕೆ ಸುಮ್ಮನಿದ್ದು ಆಮೇಲೆ ನಾಲ್ಕು ಜನರ ಮುಂದೆ ಕೇಳುವುದಕ್ಕಿಂತ ಅದು ಮರ್ಯಾದೆ.

ವಸೂಲಿಯ ದಿನವನ್ನು ಗಿರಾಕಿಯ ಆದಾಯಕ್ಕೆ ಹೊಂದಿಸಿ. ನೌಕರರಿಗೆ ತಿಂಗಳ ಮೊದಲ ವಾರ ಸರಿ. ಮಲೆನಾಡಿನಲ್ಲಿ ಅಡಿಕೆ ಮಂಡಿಗೆ ಹೋದ ಮೇಲೆ, ಮಂಡ್ಯ, ಬೆಳಗಾವಿ ಕಡೆ ಕಾರ್ಖಾನೆಯ ಕಬ್ಬಿನ ಬಿಲ್ಲು ಬಂದ ಮೇಲೆ. ಆ ಬಿಲ್ಲು ತಡವಾಗುವುದು ಹೊಸತೇನಲ್ಲ, ರೈತರನ್ನು ಅದಕ್ಕಾಗಿ ಕಾಡಬೇಡಿ. ಪ್ರತಿ ಸಲ ಉದ್ರಿ ಬರೆದ ಕೂಡಲೇ ಆ ಪುಟದ ಫೋಟೋ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ "ನಾನು ಇಷ್ಟು ಒಯ್ದೇ ಇಲ್ಲ" ಎಂಬ ಮಾತೇ ಏಳುವುದಿಲ್ಲ.

ಯುಪಿಐ ನಿಲ್ಲಿಸಿ ನಗದು ಮಾತ್ರ ಎಂದರೆ ತೆರಿಗೆ ತಲೆನೋವು ತಪ್ಪುತ್ತದಲ್ಲ?

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ "ನಗದು ಮಾತ್ರ" ಚೀಟಿ ಬಂತು. ಆತಂಕ ಅರ್ಥವಾಗುವಂಥದ್ದೇ. ಆದರೆ ಆ ಚೀಟಿ ನೋಡಿ ವಾಪಸ್ ಹೋದವರು ಗಿರಾಕಿಗಳು, ಅಧಿಕಾರಿಗಳಲ್ಲ. ನಗದಾದರೂ ಯುಪಿಐ ಆದರೂ ವಹಿವಾಟು ವಹಿವಾಟೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಆಗಬೇಕು. 1.5 ಕೋಟಿವರೆಗಿನ ವ್ಯಾಪಾರಿಗಳಿಗೆ ಒಟ್ಟು ವಹಿವಾಟಿನ ಮೇಲೆ ಶೇಕಡಾ 1 ಕಟ್ಟುವ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ. ಹಾಲು, ತಾಜಾ ತರಕಾರಿಯಂಥವಕ್ಕೆ ತೆರಿಗೆಯೇ ಇಲ್ಲ. ಒಬ್ಬ ಅಕೌಂಟೆಂಟ್ ಹತ್ತಿರ ಕೂತು ಲೆಕ್ಕ ಬಗೆಹರಿಸಿಕೊಳ್ಳುವುದು ಗಿರಾಕಿಯ ಅನುಕೂಲ ಕಿತ್ತುಕೊಳ್ಳುವುದಕ್ಕಿಂತ ಅಗ್ಗ.

ಹತ್ತು ನಿಮಿಷದ ಡೆಲಿವರಿ ಎದುರು ನಾವು ಏನು ಮಾಡಲು ಸಾಧ್ಯ?

ವೇಗದಲ್ಲಿ ಗೆಲ್ಲುವುದು ಕಷ್ಟ, ಪರಿಚಯದಲ್ಲಿ ಸುಲಭ. ಮನೆ ಬಾಗಿಲಿಗೆ ಹೋಗುವ ವ್ಯಾಪಾರ ನಮ್ಮ ನಾಡಿಗೆ ಹೊಸದೂ ಅಲ್ಲ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಕಟ್ಟಿದ ಬ್ಯಾಂಕು ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರು ಮಾಡಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವ ನೇಕಾರರು, ಸಣ್ಣ ವ್ಯಾಪಾರಿಗಳ ಹತ್ತಿರಕ್ಕೆ ಏಜೆಂಟರೇ ದಿನಾ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕಟ್ಟಿಸಿಕೊಂಡು ಬರುತ್ತಿದ್ದರು. ಅಷ್ಟು ಸಣ್ಣ ಹಣಕ್ಕೆ ಅಷ್ಟು ಓಡಾಟವೇ ಎಂದು ಅಂದಿನ ದೊಡ್ಡ ಬ್ಯಾಂಕಿನವರಿಗೆ ಅನಿಸಿರಬೇಕು. ಆ ಎರಡಾಣೆಗಳ ಮೇಲೆಯೇ ದೇಶದುದ್ದಕ್ಕೂ ಶಾಖೆಗಳಿದ್ದ ಬ್ಯಾಂಕು ಬೆಳೆಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಇದರಿಂದ ನೀವು ಕಲಿಯಬಹುದಾದ್ದು ದಿನಾ ಒಂದೇ ಹೊತ್ತಿಗೆ, ಒಂದೇ ಪರಿಚಿತ ಮುಖ ಮನೆಗೆ ಬರುವುದರ ಬೆಲೆಯನ್ನು. ಸಂಜೆ ಆರರಿಂದ ಎಂಟರವರೆಗೆ ಒಬ್ಬ ಹುಡುಗ, ಒಂದು ಸೈಕಲ್ಲು, ಅರ್ಧ ಕಿಲೋಮೀಟರಿನ ವ್ಯಾಪ್ತಿ ಸಾಕು. ಮಹಡಿ ಹತ್ತಿ ಇಳಿಯಲಾಗದ ವಯಸ್ಸಾದವರ ಮನೆ ಯಾವುದು, ಗ್ಯಾಸ್ ಪಕ್ಕದ ಡಬ್ಬಕ್ಕೆ ಅಕ್ಕಿ ಸುರಿದುಕೊಟ್ಟು ಬರಬೇಕಾದ್ದು ಎಲ್ಲಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಗೆ ಸೋನಾ ಮಸೂರಿ ಹಳೆಯದೇ ಆಗಬೇಕು ಎಂಬುದೆಲ್ಲ ನಿಮಗೆ ಗೊತ್ತು. ಆ್ಯಪ್‌ಗೆ ಗೊತ್ತಿರುವುದು ಆರ್ಡರು ಮಾತ್ರ.

ಗಿರಾಕಿಗಳ ಫೋನ್ ನಂಬರ್ ಸಂಗ್ರಹಿಸಿ ದಿನಾ ಆಫರ್ ಕಳಿಸಬಹುದೇ?

ದಿನಾ ಬೇಡ. ಬಿಲ್ ಮಾಡಲು ನಂಬರ್ ಕೊಡಲೇಬೇಕೆಂದು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ. ಕೇಳಿ, ಕೊಟ್ಟರೆ ಬರೆದುಕೊಳ್ಳಿ, ಯಾಕೆಂದು ಹೇಳಿ. ಗ್ರೂಪಿಗೆ ಸೇರಿಸಿ ಒಬ್ಬರ ನಂಬರನ್ನು ಇನ್ನೂರು ಜನರಿಗೆ ತೋರಿಸಬೇಡಿ, ಹೆಣ್ಣುಮಕ್ಕಳಿಗೆ ಅದರ ಕಿರಿಕಿರಿ ಎಷ್ಟೆಂದು ಅವರನ್ನೇ ಕೇಳಿ. ಹಬ್ಬದ ಹಿಂದಿನ ವಾರ ಒಂದು ಮೆಸೇಜು, ಅವರು ಕೇಳಿದ್ದ ಸರಕು ಬಂದ ದಿನ ಒಂದು ಸಾಕು. "ನೀವು ಕೇಳಿದ್ದ ಕೆಂಪಕ್ಕಿ ಬಂದಿದೆ" ಎಂಬ ಸಾಲು ಹತ್ತು ಆಫರುಗಳಿಗೆ ಸಮ. ಇಲ್ಲ ಪುಸ್ತಕದಲ್ಲಿ ಹೆಸರಿನ ಪಕ್ಕ ನಂಬರ್ ಬರೆದಿದ್ದರೆ ಇದಕ್ಕೆ ಬೇರೆ ಶ್ರಮವೂ ಬೇಡ.

ಕೆಲಸದ ಹುಡುಗರು ಸರಿಯಾಗಿ ಮಾತಾಡಿಸುವುದಿಲ್ಲ. ಏನು ಮಾಡಲಿ?

ಅವರನ್ನು ನೀವು ಹೇಗೆ ಮಾತಾಡಿಸುತ್ತೀರಿ ಎಂಬುದು ಮೊದಲು. ಗಿರಾಕಿ ಎದುರಿಗೇ ಬೈಸಿಕೊಂಡ ಹುಡುಗ ಆಮೇಲೆ ಅದೇ ಗಿರಾಕಿಯತ್ತ ನಗಬೇಕು ಎಂದರೆ ಹೇಗೆ? ಎರಡನೆಯದು ಅಧಿಕಾರ. "ಯಜಮಾನರು ಬರಲಿ" ಎಂಬ ಉತ್ತರ ಕೇಳಿ ಹೋದವರು ತಿರುಗಿ ಬರುವುದಿಲ್ಲ. 200 ರೂಪಾಯಿವರೆಗಿನ ವಾಪಸ್, ಬದಲಾವಣೆಗಳನ್ನು ನಿಮ್ಮನ್ನು ಕೇಳದೆ ಮಾಡಲು ಅವರಿಗೆ ಬಿಡಿ, ಚೀಟಿಯಲ್ಲಿ ಬರೆದಿಟ್ಟರಾಯಿತು. ದುರುಪಯೋಗ ಆದೀತು ಎಂಬ ಭಯಕ್ಕಿಂತ ಅದರಿಂದ ಉಳಿಯುವ ವ್ಯಾಪಾರ ದೊಡ್ಡದು.

ಚೌಕಾಸಿ ಮಾಡುವವರಿಗೆ ಕಡಿಮೆ ದರ ಕೊಟ್ಟರೆ ತಪ್ಪೇನು?

ಚೌಕಾಸಿ ಮಾಡದವರಿಗೆ ದಂಡ ಬಿದ್ದಂತಾಗುತ್ತದೆ. ನಿಮ್ಮನ್ನು ನಂಬಿ ಹೇಳಿದಷ್ಟು ಕೊಟ್ಟು ಹೋಗುವವರೇ ಅತ್ಯುತ್ತಮ ಗಿರಾಕಿಗಳು, ಈ ಪದ್ಧತಿಯಲ್ಲಿ ಅತಿ ಹೆಚ್ಚು ಕೊಡುವವರೂ ಅವರೇ. ಒಂದೇ ಮದುವೆಮನೆಯಲ್ಲಿ ಇಬ್ಬರು ಒಂದೇ ಥರದ ಸೀರೆ ಉಟ್ಟು ಬೆಲೆ ಮಾತಾಡಿಕೊಂಡರೆಂದರೆ ಮುಗಿಯಿತು. ಚೀಟಿಯಲ್ಲಿ ಒಂದೇ ದರ ಬರೆದು, ಅದನ್ನು ಆದಷ್ಟು ನ್ಯಾಯವಾಗಿಡಿ. ಮೊದಲ ಕೆಲವು ತಿಂಗಳು ಚೌಕಾಸಿಯವರು ಗೊಣಗುತ್ತಾರೆ, ಕೆಲವರು ಬಿಟ್ಟೂ ಹೋಗುತ್ತಾರೆ. ಹೋಗಲಿ.

ಗೂಗಲ್‌ನಲ್ಲಿ ಯಾರೋ ಒಂದು ಸ್ಟಾರ್ ಕೊಟ್ಟು ಬೈದಿದ್ದಾರೆ. ಉತ್ತರ ಕೊಡಬೇಕೇ?

ಕೊಡಿ, ಎರಡೇ ಸಾಲಿನಲ್ಲಿ. ಅವರ ಜೊತೆ ವಾದಕ್ಕಲ್ಲ, ಮುಂದೆ ಓದುವವರಿಗಾಗಿ. ಅವರು ಹೇಳಿದ್ದು ನಿಜವಾಗಿದ್ದರೆ ಏನು ಸರಿಮಾಡಿದಿರಿ ಎಂದು ಬರೆಯಿರಿ. ನೆಂಟರಿಷ್ಟರಿಂದ ಐದು ಸ್ಟಾರ್ ಹಾಕಿಸುವುದು ಬೇಡ, ಓದಿದವರಿಗೆ ತಿಳಿಯುತ್ತದೆ.

ಇದೆಲ್ಲ ಫಲ ಕೊಡುತ್ತಿದೆ ಎಂದು ತಿಳಿಯುವುದು ಹೇಗೆ?

ದಿನದ ಗಲ್ಲಾ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಹಬ್ಬ, ಸಂಬಳದ ವಾರ, ಮಳೆ ಎಲ್ಲವೂ ಅದನ್ನು ಏರಿಳಿಸುತ್ತವೆ. ಕಾಯಂ ಗಿರಾಕಿಗಳ ಐವತ್ತು ಮನೆಗಳ ಪಟ್ಟಿ ಮಾಡಿ, ತಿಂಗಳಲ್ಲಿ ಎಷ್ಟು ಸಲ ಬಂದರು ಎಂದು ಗೆರೆ ಎಳೆಯುತ್ತಾ ಹೋಗಿ. ಬರುವುದು ಕಡಿಮೆಯಾದವರನ್ನು ದಾರಿಯಲ್ಲಿ ಕಂಡಾಗ ಕೇಳಿ. "ಯಾಕೆ ಬರುತ್ತಿಲ್ಲ" ಎಂದರೆ ಆಕ್ಷೇಪಣೆಯಾಗುತ್ತದೆ, "ನಮ್ಮಲ್ಲಿ ಏನು ಸಿಗಲಿಲ್ಲ" ಎಂದರೆ ಉತ್ತರ ಸಿಗುತ್ತದೆ. ಯುಗಾದಿಯ ತಿಂಗಳನ್ನು ಹಿಂದಿನ ವರ್ಷದ ಯುಗಾದಿಯ ತಿಂಗಳ ಜೊತೆ ಹೋಲಿಸಿ, ಆಷಾಢದ ಜೊತೆಗಲ್ಲ. ಆರು ತಿಂಗಳಿಗೆ ಮುಂಚೆ ತೀರ್ಮಾನ ಬೇಡ.

ಬೆಳಿಗ್ಗೆ ಬೋಣಿ ಆಗುವ ಮೊದಲೇ ವಾಪಸ್ ಕೊಡಲು ಬಂದರೆ?

ಇದನ್ನು ಕೇಳುವವರು ಬಹಳ, ಕೇಳುವಾಗ ನಾಚಿಕೊಳ್ಳುವವರೂ ಬಹಳ. ಬೋಣಿಗೆ ಮೊದಲು ಗಲ್ಲಾದಿಂದ ದುಡ್ಡು ಹೊರಗೆ ಹೋಗಬಾರದು ಎಂಬ ನಂಬಿಕೆ ಇದ್ದರೆ ಇರಲಿ, ಅದನ್ನು ಗಿರಾಕಿಯ ಮೇಲೆ ಹಾಕಬೇಡಿ. ಕೆಲಸಕ್ಕೆ ಹೊರಟವರು ದಾರಿಯಲ್ಲಿ ನಿಂತು ಬಂದಿರುತ್ತಾರೆ, "ಸಂಜೆ ಬನ್ನಿ" ಎಂದರೆ ಸಂಜೆ ಬರುವುದು ಸಿಟ್ಟು. ಗಲ್ಲಾದಿಂದ ಬೇರೆಯಾಗಿ ಒಂದು ಸ್ಟೀಲ್ ಡಬ್ಬದಲ್ಲಿ 500 ರೂಪಾಯಿ ಚಿಲ್ಲರೆ ಹಾಕಿಟ್ಟು, ವಾಪಸಾತಿಯ ಹಣವನ್ನೆಲ್ಲ ಅದರಿಂದಲೇ ಕೊಡಿ. ರಾತ್ರಿ ಲೆಕ್ಕ ಮಾಡುವಾಗ ಕಡಿಮೆಯಾದಷ್ಟನ್ನು ತುಂಬಿಸಿದರಾಯಿತು. ತಿಂಗಳಿಗೆ ಆ ಡಬ್ಬದಿಂದ ಎಷ್ಟು ಹೋಯಿತು, ಯಾವ ಸರಕಿಗೆ ಹೋಯಿತು ಎಂಬುದೂ ತಾನಾಗಿ ಲೆಕ್ಕಕ್ಕೆ ಸಿಗುತ್ತದೆ. ಒಂದೇ ಕಂಪನಿಯ ಹೆಸರು ಮತ್ತೆ ಮತ್ತೆ ಬಂದರೆ ಅದರ ಸೇಲ್ಸ್‌ಮನ್ ಮುಂದಿನ ಸಲ ಬಂದಾಗ ಆ ಚೀಟಿಗಳನ್ನೇ ತೋರಿಸಿ.